ವಕೀಲರ ಗುಟ್ಟು ಕಾಯೋರು ಯಾರು?



ನೀವು ವಕೀಲರ ಆಫೀಸಿಗೆ ಹೋಗ್ತೀರಿ. ಬಾಗಿಲು ಮುಂದೆ ಮಾಡಿಕೊಂಡು, ಹೆಂಡತಿಗೂ ಹೇಳದ ವಿಷಯವನ್ನ ಅವರ ಮುಂದೆ ಹೇಳ್ತೀರಿ. ಅದು ಆಚೆ ಹೋಗೋದಿಲ್ಲ ಅನ್ನೋ ಧೈರ್ಯ ನಿಮಗಿದೆ. ಆ ಧೈರ್ಯದ ಹಿಂದೆ ಕಾನೂನಿದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಸೆಕ್ಷನ್ 126 ಅಂತ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ರಕ್ಷಣೆ ಸೆಕ್ಷನ್ 132 ಆಗಿ ಬಂದಿದೆ. ಬ್ರಿಟಿಷರು ಹೋದರೂ, ಕಾಯ್ದೆಯ ಹೆಸರು ಬದಲಾದರೂ ಕಕ್ಷಿದಾರನ ಗುಟ್ಟಿಗೆ ಹಾಕಿದ ಬೀಗ ಮಾತ್ರ ಹಾಗೇ ಇದೆ. ಒಳ್ಳೆಯದೇ.

ಈಗ ಕುರ್ಚಿ ಅದಲು ಬದಲು ಮಾಡಿ ನೋಡಿ. ಆ ವಕೀಲರಿಗೇ ಕುಡಿತ ಅಂಟಿಕೊಂಡಿದೆ. ಅಥವಾ ಮೂರು ತಿಂಗಳಿಂದ ನಿದ್ದೆ ಇಲ್ಲ, ಬೆಳಗ್ಗೆ ಎದ್ದು ಕರಿ ಕೋಟು ಹಾಕಿಕೊಳ್ಳೋಕೆ ಕೈ ಬರೋದಿಲ್ಲ. ಅವರು ಯಾರ ಹತ್ತಿರ ಬಾಗಿಲು ಮುಚ್ಚಿಕೊಂಡು ಮಾತಾಡಬೇಕು? ಅಲ್ಲಿ ಆಡಿದ ಮಾತಿಗೆ ಬೀಗ ಹಾಕೋರು ಯಾರು?

ಈ ಪ್ರಶ್ನೆ ನನ್ನದಲ್ಲ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಕರಿಘಟ್ಟಕ್ಕೆ ಹೋಗಿದ್ದೆವು. ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಶ್ರೀನಿವಾಸ ದೇವರ ಗುಡಿ, ಕೆಳಗೆ ಲೋಕಪಾವನಿ ಬಂದು ಕಾವೇರಿ ಸೇರುವ ಜಾಗ, ಆಚೆ ಶ್ರೀರಂಗಪಟ್ಟಣ. ಕೆಲಸ ಮುಗಿಸಿ ಕೂತಿದ್ದಾಗ ಒಬ್ಬ ಹಿರಿಯರು ಬಂದು ಪರಿಚಯ ಮಾಡಿಕೊಂಡರು. ವಕೀಲರು. ಯಾವ ಊರಿನ ಕೋರ್ಟು ಅಂತ ನಾನು ಹೇಳೋದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕರಲ್ಲಿ ಒಂದು ಅಂದುಕೊಳ್ಳಿ. ಅವರ ಒಪ್ಪಿಗೆ ಪಡೆದೇ ಇಷ್ಟು ಹೇಳ್ತಾ ಇದ್ದೀನಿ.

“ಸಾರ್, ನನ್ನ ಹತ್ರ ಜೂನಿಯರ್ ಆಗಿದ್ದ ಹುಡ್ಗ. ಈಗ ಸ್ವಂತ ಆಫೀಸು ಮಾಡವ್ನೆ. ಪಾಟೀಸವಾಲಿಗೆ ನಿಂತ ಅಂದ್ರೆ ಎದುರು ಪಾರ್ಟಿ ಬೆವರಬೇಕು, ಅಂಥವ್ನು. ಈಗ ಮಧ್ಯಾಹ್ನದ ಮೇಲೆ ಕೋರ್ಟಿಗೆ ಬರಾಕಿಲ್ಲ. ಎಲ್ಲಿಗೆ ಕಳಿಸ್ಲಿ ಹೇಳಿ? ಒಂದೇ ಒಂದು, ಯಾರ್ಗೂ ಗೊತ್ತಾಗಬಾರದು” ಅಂದರು. ಕ್ಯಾಮೆರಾ ಆಫ್ ಆಗಿದೆಯಾ ಅಂತ ಎರಡು ಸಲ ಕೇಳಿದ ಮೇಲೆ ಅಂದ ಮಾತು ಇದು.

ಯಾರಿಗೂ ಗೊತ್ತಾಗಬಾರದು. ಇದನ್ನ ಮಾನ ಮರ್ಯಾದೆಯ ಭಯ ಅಂತ ನಾವು ತಳ್ಳಿಹಾಕಿಬಿಡ್ತೀವಿ. ಆದರೆ ತಾಲೂಕು ಕೇಂದ್ರದಲ್ಲಿ ವಕೀಲಿ ಮಾಡೋರ ಬದುಕು ಒಂಚೂರು ನೋಡಿ. ಬೋರ್ಡಿಗಿಂತ ಬಾಯಿಮಾತು ದೊಡ್ಡದು. “ಆ ವಕೀಲ್ರ ಹತ್ರ ಹೋಗು, ಕೇಸ್ ಗೆಲ್ತದೆ” ಅಂತ ಟೀ ಅಂಗಡಿಯಲ್ಲಿ ಯಾರೋ ಹೇಳಿದರೆ ಮನೆಗೆ ಅಕ್ಕಿ ಬರುತ್ತೆ. “ಅವ್ರು ಈಚೆಗೆ ಸರಿ ಇಲ್ವಂತೆ” ಅಂತ ಅದೇ ಅಂಗಡಿಯಲ್ಲಿ ಇನ್ನೊಬ್ಬರು ಅಂದರೆ, ಮಾರನೆಯ ವಾರ ನಾಲ್ಕು ಜನ ಕಕ್ಷಿದಾರರು ಬಂದು ಫೈಲ್ ವಾಪಸ್ ಕೇಳ್ತಾರೆ. ಕಾಯಿಲೆಗಿಂತ ಕಾಯಿಲೆಯ ಸುದ್ದಿ ಬೇಗ ಆಫೀಸು ಮುಚ್ಚಿಸುತ್ತೆ.

ಹಾಗಾದರೆ ಆ ಹುಡುಗನಿಗೆ ಯಾವ ದಾರಿ ಇದೆ?

ತಾಲೂಕು ಆಸ್ಪತ್ರೆ ಇದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮವಿದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಹಳ್ಳಿಯ ಬಡವರಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಗಳವಾರ ಕೋರ್ಟೂ ಇರುತ್ತೆ. ಆ ಸಾಲಿನಲ್ಲಿ ವಕೀಲರು ನಿಂತರೆ ಮುಂದೆ ನಿಂತಿರೋದು ಅವರ ಕಕ್ಷಿದಾರ, ಹಿಂದೆ ನಿಂತಿರೋದು ಎದುರು ಪಾರ್ಟಿ!

ಮದ್ಯವರ್ಜನ ಶಿಬಿರಗಳಿವೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸಿಕೊಂಡು ಬಂದಿರೋದು ನಿಮಗೆಲ್ಲ ಗೊತ್ತು. ಸಮುದಾಯ ಭವನದಲ್ಲಿ ಶಿಬಿರ, ಊರಿನ ಹಿರಿಯರು, ಕೊನೆಯ ದಿನ ಹೆಂಡತಿ ಮಕ್ಕಳು ಬಂದು ಕಣ್ಣೀರು ಹಾಕೋದು. ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದ ಕೆಲಸ ಅದು. ಅಲ್ಲಿ ಚಿಕಿತ್ಸೆಯ ಶಕ್ತಿಯೇ ಬಹಿರಂಗ: ಊರ ಮುಂದೆ ಮಾತು ಕೊಟ್ಟೆ, ಇನ್ನು ಮುರಿಯೋಕಾಗಲ್ಲ ಅನ್ನೋ ಕಟ್ಟು. ಗದ್ದೆ ಕೆಲಸ ಮಾಡೋ ಅಣ್ಣನಿಗೆ ಆ ಕಟ್ಟು ಆಸರೆಯಾಗಬಹುದು. ಶಿಬಿರದಿಂದ ಬಂದ ಮೇಲೂ ಅವನ ಗದ್ದೆ ಅಲ್ಲೇ ಇರುತ್ತೆ. ವಕೀಲರ ಗದ್ದೆ ಇರೋದು ಬೇರೆಯವರ ನಂಬಿಕೆಯಲ್ಲಿ.

ಇನ್ನು ಬೆಂಗಳೂರಿನ ನಿಮ್ಹಾನ್ಸ್. ದೇಶಕ್ಕೇ ಹೆಸರಾದ ಸಂಸ್ಥೆ. ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಆದರೆ ನಮ್ಮ ಜನರ ಬಾಯಲ್ಲಿ ಆ ಹೆಸರು ಏನಾಗಿದೆ? “ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ರಪ್ಪಾ” ಅನ್ನೋದು ಬೈಗುಳ ಆಗಿ ಎಷ್ಟು ವರ್ಷ ಆಯ್ತು? ಆ ಬೈಗುಳವನ್ನ ವಿಧಾನಸೌಧದ ಪಡಸಾಲೆಯಲ್ಲೂ ಕೇಳಿದ್ದೀನಿ.

ಉಳಿದಿದ್ದು ಸೀನಿಯರ್. ಕರಿಘಟ್ಟದಲ್ಲಿ ಸಿಕ್ಕವರ ಥರದ ಹಿರಿಯರು. ನಮ್ಮ ಕಡೆ ಇವತ್ತು ಕಷ್ಟದಲ್ಲಿರೋ ವಕೀಲರಿಗೆ ನಿಜವಾಗಿ ಸಹಾಯ ಮಾಡ್ತಿರೋದು ಇವರೇ. ವಾಯಿದೆ ಕೇಳ್ತಾರೆ, ಜೂನಿಯರ್ ಪರವಾಗಿ ತಾವೇ ನಿಂತು ಕೇಸ್ ನಡೆಸಿಕೊಡ್ತಾರೆ, ಮನೆಗೆ ಹೋಗಿ ಆ ಹೆಣ್ಣುಮಗಳಿಗೆ “ಹೆದರಬೇಡ ಕಣಮ್ಮ” ಅಂತ ಹೇಳಿ ಬರ್ತಾರೆ. ಆದರೆ ಇಲ್ಲೊಂದು ತೊಡಕಿದೆ, ಬಹಳ ವಕೀಲರೇ ಗಮನಿಸದ ತೊಡಕು. ಸೆಕ್ಷನ್ 132 ಕಾಯೋದು ಕಕ್ಷಿದಾರ ತನ್ನ ವಕೀಲರಿಗೆ, ಆ ವಕಾಲತ್ತಿನ ಕೆಲಸಕ್ಕಾಗಿ ಹೇಳಿದ ಮಾತನ್ನ. ಒಬ್ಬ ವಕೀಲ ಇನ್ನೊಬ್ಬ ವಕೀಲರ ಮುಂದೆ ಸ್ನೇಹದಲ್ಲಿ, ಕಾಫಿ ಕುಡೀತಾ ಬಿಚ್ಚಿಟ್ಟ ಸಂಕಟಕ್ಕೆ ಆ ಬೀಗ ಬೀಳೋದಿಲ್ಲ. ಮನಸ್ಸು ದೊಡ್ಡದಿದ್ದರೆ ಗುಟ್ಟು ಉಳಿಯುತ್ತೆ. ಬಾರ್ ಅಸೋಸಿಯೇಷನ್ ಚುನಾವಣೆ ಬಂತು, ಇಬ್ಬರೂ ಬೇರೆ ಬೇರೆ ಬಣ ಸೇರಿದರು ಅಂದರೆ ಮುಗೀತು.

ಸರಿ, ವಕೀಲರಿಗೊಂದು ಪರಿಷತ್ತಿದೆಯಲ್ಲ, ಬಾರ್ ಕೌನ್ಸಿಲ್ಲೇ ಸಹಾಯ ಕೇಂದ್ರ ಮಾಡಲಿ ಅಂತೀರಾ? ಅಲ್ಲೇ ಇರೋದು ಈ ಕಥೆಯ ಗಂಟು.

1961ರ ಅಡ್ವೊಕೇಟ್ಸ್ ಆಕ್ಟ್ ತೆಗೆದು ನೋಡಿ. ಸೆಕ್ಷನ್ 35. ದೂರು ಬಂದರೆ, ಅಥವಾ ದೂರೇ ಬರದೆ ಬೇರೆ ರೀತಿಯಲ್ಲಿ ಗೊತ್ತಾದರೂ, ದುರ್ನಡತೆ ನಡೆದಿದೆ ಅಂತ ನಂಬಲು ಕಾರಣವಿದ್ದರೆ ರಾಜ್ಯ ಬಾರ್ ಕೌನ್ಸಿಲ್ ಆ ವಕೀಲರನ್ನ ಶಿಸ್ತು ಸಮಿತಿಗೆ ಒಪ್ಪಿಸಬೇಕು. ಸನ್ನದು ಅಮಾನತು ಮಾಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಬಹುದು. ಸೆಕ್ಷನ್ 42ಕ್ಕೆ ಬನ್ನಿ. ಶಿಸ್ತು ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ: ಸಾಕ್ಷಿಗಳನ್ನ ಕರೆಸಬಹುದು, ದಾಖಲೆ ತರಿಸಬಹುದು. ಎರಡನ್ನೂ ಜೋಡಿಸಿ ಓದಿ. ಬಾರ್ ಕೌನ್ಸಿಲ್ ಒಂದು ಸಮಾಲೋಚನಾ ಕೇಂದ್ರ ತೆರೆಯುತ್ತೆ, ಕಷ್ಟ ಹೇಳಿಕೊಳ್ಳೋಕೆ ವಕೀಲರು ಬರ್ತಾರೆ, ಅಲ್ಲೊಂದು ರಿಜಿಸ್ಟರ್ ಇರುತ್ತೆ. ಆ ರಿಜಿಸ್ಟರ್ ಪಕ್ಕದ ಕೋಣೆಯ ಶಿಸ್ತು ಸಮಿತಿಗೆ ಹೋಗೋದಿಲ್ಲ ಅಂತ ಎಲ್ಲಿ ಬರೆದಿದೆ? ಅಡ್ವೊಕೇಟ್ಸ್ ಆಕ್ಟ್‌ನಲ್ಲಿ ಎಲ್ಲೂ ಬರೆದಿಲ್ಲ. ಮದ್ದು ಕೊಡೋ ಕೈಯಲ್ಲೇ ಬೆತ್ತವೂ ಇದ್ದರೆ ಯಾವ ಮಗು ಹತ್ತಿರ ಬರುತ್ತೆ ಹೇಳಿ.

“ಮಾನಸಿಕ ಆರೋಗ್ಯ ಕಾಯ್ದೆ ಇದೆಯಲ್ಲ” ಅಂತ ನಮ್ಮ ಡೆಸ್ಕಿನ ಗೆಳೆಯರೊಬ್ಬರು ಕೇಳಿದರು. ಇದೆ. 2017ರ ಕಾಯ್ದೆ, ಒಳ್ಳೆಯ ಕಾಯ್ದೆ. ಕುಡಿತ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯನ್ನೂ ಅದು ಒಳಗೊಂಡಿದೆ. ಸೆಕ್ಷನ್ 23 ರೋಗಿಗೆ ಗೋಪ್ಯತೆಯ ಹಕ್ಕು ಕೊಡುತ್ತೆ. ವೈದ್ಯರು ಬಾಯಿ ಬಿಡುವಂತಿಲ್ಲ. ಆದರೆ ವಿನಾಯಿತಿಗಳಿವೆ. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಹೇಳಬಹುದು, ಅದು ಇರಲೇಬೇಕು. ಹೈಕೋರ್ಟು, ಸುಪ್ರೀಂ ಕೋರ್ಟು ಆದೇಶ ಕೊಟ್ಟರೂ ಹೇಳಬೇಕಾಗುತ್ತೆ. ಅದರ ಜೊತೆಗೆ, “ಅಧಿಕಾರವುಳ್ಳ ಬೇರೆ ಯಾವುದೇ ಶಾಸನಬದ್ಧ ಪ್ರಾಧಿಕಾರ” ಅನ್ನೋ ಅರ್ಥದ ಮಾತೂ ಸೇರಿದೆ. ಬಾರ್ ಕೌನ್ಸಿಲ್ ಶಾಸನದಿಂದಲೇ ಹುಟ್ಟಿದ ಸಂಸ್ಥೆ. ಅದರ ಶಿಸ್ತು ಸಮಿತಿ ಆ ಮಾತಿನ ಒಳಗೆ ಬರುತ್ತೋ ಇಲ್ಲವೋ ಅಂತ ಎರಡು ಕಡೆಯ ವಕೀಲರು ದಿನಗಟ್ಟಲೆ ವಾದ ಮಾಡಬಹುದು. ನಿದ್ದೆ ಇಲ್ಲದೆ ಒದ್ದಾಡ್ತಿರೋ ಮನುಷ್ಯನಿಗೆ ಆ ವಾದದ ಫಲಿತಾಂಶ ಕಾಯೋ ತಾಳ್ಮೆ ಇರುತ್ತಾ? ಇನ್ನು ವೈದ್ಯರೇ ಅಲ್ಲದ, ಬರೀ ಕಿವಿಗೊಡುವ ಸಹೋದ್ಯೋಗಿ ಸ್ವಯಂಸೇವಕರಿಗಂತೂ ಈ ಕಾಯ್ದೆ ಮುಟ್ಟೋದೇ ಕಷ್ಟ.

ಈಗ ಇನ್ನೊಂದು ಬದಿ. ವಿ.ಸಿ. ನಾಲೆ ಬಯಲಲ್ಲಿ ಎರಡು ಎಕರೆ ಗದ್ದೆಯ ಪಾಲಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯೋ ರೈತ ನನ್ನನ್ನ ಕೇಳಬಹುದು. “ಸ್ವಾಮಿ, ನನ್ನ ವಕೀಲ ಕುಡೀತಾನೆ ಅನ್ನೋದು ನನಗೆ ಗೊತ್ತಾಗಬಾರದಾ? ಅವನ ಮಾನ ದೊಡ್ಡದಾ, ನನ್ನ ಗದ್ದೆ ದೊಡ್ಡದಾ?” ನ್ಯಾಯವಾದ ಪ್ರಶ್ನೆ. ವಕೀಲರು ಬರದೆ ದಾವೆ ವಜಾ ಆಗಬಹುದು. ತಾಲೂಕು ಕೋರ್ಟಿನ ಡಿಕ್ರಿ ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕೋಕೆ ಇರೋದು 30 ದಿನ. ಆ 30 ದಿನ ವಕೀಲರು ಹಾಸಿಗೆ ಬಿಟ್ಟು ಏಳದಿದ್ದರೆ ಹೋಗೋದು ರೈತನ ಗದ್ದೆ. ವಕೀಲರ ತಪ್ಪಿಗೆ ಕಕ್ಷಿದಾರ ಬಲಿಯಾಗಬಾರದು ಅಂತ ಸುಪ್ರೀಂ ಕೋರ್ಟು 1981ರಲ್ಲಿ, ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಆ ತೀರ್ಪು ಹಿಡಿದು ವಿಳಂಬ ಮನ್ನಾ ಮಾಡಿಸೋಕೆ ಇನ್ನೊಬ್ಬ ವಕೀಲರು ಬೇಕು, ಇನ್ನೊಂದು ಫೀಸು ಬೇಕು.

ಆ ರೈತನಿಗೆ ನನ್ನ ಉತ್ತರ ಇದು. ಅಣ್ಣಾ, ನಿಮ್ಮ ವಕೀಲರು ಕೋರ್ಟಿಗೆ ಬರಲಿಲ್ಲ, ನಿಮ್ಮ ದುಡ್ಡು ತಿಂದರು ಅಂದರೆ ದೂರು ಕೊಡಿ. ಆ ಹಕ್ಕನ್ನ ಯಾರೂ ಕಿತ್ತುಕೊಳ್ಳಬಾರದು. ಕೋರ್ಟಿನಲ್ಲಿ ಅವರು ಮಾಡಿದ್ದು, ಮಾಡದೇ ಬಿಟ್ಟಿದ್ದು ಗುಟ್ಟಲ್ಲ. ಡೈರಿಯಲ್ಲಿರುತ್ತೆ, ಆರ್ಡರ್ ಶೀಟಿನಲ್ಲಿರುತ್ತೆ. ಗುಟ್ಟಾಗಿ ಇರಬೇಕಾದ್ದು ಅವರು ಚಿಕಿತ್ಸೆಗೆ ಅಂತ ಹೋಗಿ ಬಾಯಿ ಬಿಟ್ಟಿದ್ದು ಮಾತ್ರ. ಅದೂ ಬಯಲಾಗುತ್ತೆ ಅಂತಾದರೆ ಅವರು ಕುಡಿತ ನಿಲ್ಲಿಸ್ತಾರಾ? ಬಾಯಿ ತೆರೆಯೋದನ್ನ ನಿಲ್ಲಿಸ್ತಾರೆ. ಕುಡಿದೇ ಮುಂದಿನ ವಾಯಿದೆಗೂ ಬರ್ತಾರೆ ಅಥವಾ ಬರೋದೇ ಇಲ್ಲ. ನಿಮ್ಮ ಗದ್ದೆಗೆ ಯಾವುದು ಕ್ಷೇಮ?

ಇದು ನನ್ನ ಊಹೆ ಅಂತ ಅನ್ನಿಸಿದರೆ ಅಮೆರಿಕದ ಲೆಕ್ಕ ಕೇಳಿ. ಅಲ್ಲಿನ ಬಾರ್ ಅಸೋಸಿಯೇಷನ್ ಮತ್ತು ಹೇಜಲ್ಡನ್ ಬೆಟ್ಟಿ ಫೋರ್ಡ್ ಫೌಂಡೇಶನ್ ಸೇರಿ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 19 ರಾಜ್ಯಗಳ 12,825 ವಕೀಲರನ್ನ ಕೇಳಿದ್ದರು. ಶೇಕಡಾ 20.6ರಷ್ಟು ಜನರ ಕುಡಿತ ಅಪಾಯದ ಮಟ್ಟದ್ದು. ಶೇಕಡಾ 28ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ. ಇವರೆಲ್ಲ ಸಹಾಯಕ್ಕೆ ಯಾಕೆ ಹೋಗಲ್ಲ ಅಂತ ನೋಡಿದರೆ, ಮೊದಲ ಸಾಲಿನಲ್ಲಿ ಬಂದ ಎರಡು ಕಾರಣಗಳು: ಬೇರೆಯವರಿಗೆ ಗೊತ್ತಾಗುತ್ತೆ ಅನ್ನೋ ಭಯ, ಮತ್ತು ಹೇಳಿದ್ದು ಗೋಪ್ಯವಾಗಿ ಉಳಿಯುತ್ತಾ ಅನ್ನೋ ಅನುಮಾನ. ಎರಡೂ ಒಂದೇ ಗಿಡದ ಕೊಂಬೆ. ವಾಷಿಂಗ್ಟನ್ ಆದರೇನು, ನಾಗಮಂಗಲ ಆದರೇನು?

ಅಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. 1988ರಲ್ಲೇ ಅಮೆರಿಕನ್ ಬಾರ್ ಅಸೋಸಿಯೇಷನ್ ಇದಕ್ಕಾಗಿ ಆಯೋಗ ನೇಮಿಸಿತು. ಈಗ ರಾಜ್ಯ ರಾಜ್ಯಗಳಲ್ಲಿ ವಕೀಲರ ಸಹಾಯ ಕಾರ್ಯಕ್ರಮಗಳಿವೆ. ಅವರ ಮಾದರಿ ವೃತ್ತಿ ನಿಯಮಗಳಲ್ಲಿ 8.3 ಅಂತ ಒಂದಿದೆ. ಸಹೋದ್ಯೋಗಿ ವಕೀಲರು ಗಂಭೀರ ತಪ್ಪು ಮಾಡಿದ್ದು ಗೊತ್ತಾದರೆ ನೀವು ವರದಿ ಮಾಡಲೇಬೇಕು ಅನ್ನೋ ಕಟ್ಟುನಿಟ್ಟಿನ ನಿಯಮ. ಅದೇ ನಿಯಮದೊಳಗೆ ಒಂದು ಕಿಟಕಿ ಇಟ್ಟಿದ್ದಾರೆ: ಒಪ್ಪಿಗೆ ಪಡೆದ ಸಹಾಯ ಕಾರ್ಯಕ್ರಮದಲ್ಲಿ ಪಾಲ್ಗೊಂಡಾಗ ತಿಳಿದ ವಿಷಯಕ್ಕೆ ಈ ಕಡ್ಡಾಯ ಅನ್ವಯಿಸೋದಿಲ್ಲ. ಕಿಟಕಿ ಚಿಕ್ಕದು. ಆದರೆ ಅದಿಲ್ಲದಿದ್ದರೆ ಸಹಾಯಕ್ಕೆ ಕೂತ ಸ್ವಯಂಸೇವಕ ವಕೀಲರೇ ಮೊದಲ ದೂರುದಾರ ಆಗಬೇಕಾಗಿತ್ತು.

ಇನ್ನೊಂದು ಸೂಕ್ಷ್ಮ ಇದೆ, ಅದನ್ನ ಮುಚ್ಚಿಡಬಾರದು. ತಾವಾಗಿಯೇ ಬಂದವರು ಬೇರೆ, ಶಿಸ್ತು ಕ್ರಮದ ಭಾಗವಾಗಿ ಕಳಿಸಲ್ಪಟ್ಟವರು ಬೇರೆ. “ಚಿಕಿತ್ಸೆ ತಗೊಂಡರೆ ಸನ್ನದು ಉಳಿಸ್ತೀವಿ” ಅಂತ ಷರತ್ತು ಹಾಕಿದಾಗ, ಚಿಕಿತ್ಸೆ ತಗೊಳ್ತಿದ್ದಾರಾ ಇಲ್ಲವಾ ಅನ್ನೋದು ಸಮಿತಿಗೆ ಗೊತ್ತಾಗಲೇಬೇಕು. ಅದಕ್ಕೆ ಆ ವಕೀಲರಿಂದಲೇ ಲಿಖಿತ ಒಪ್ಪಿಗೆ ಪಡೀತಾರೆ. ಏನು ಹೇಳಬಹುದು, ಏನು ಹೇಳಬಾರದು ಅಂತ ಮೊದಲ ದಿನವೇ ಕಾಗದದ ಮೇಲೆ ಬರೆಯೋದು. ನಮ್ಮಲ್ಲಿ ಏನಾದರೂ ಆದರೆ ಮೊದಲು ಕೆಡೋದು ಇದೇ ಅಂತ ನನಗೆ ಅನುಮಾನ. ಎರಡು ಕಡತವನ್ನೂ ಒಂದೇ ಬೀರುವಿನಲ್ಲಿ ಇಡೋ ಜನ ನಾವು.

ನಮ್ಮಲ್ಲಿ ಆಗುತ್ತಾ? ಖಂಡಿತ ಆಗುತ್ತೆ, ಹೊಸ ಕಾಯ್ದೆಯೂ ಬೇಡ. ಅಡ್ವೊಕೇಟ್ಸ್ ಆಕ್ಟ್ ಸೆಕ್ಷನ್ 6ರ ಪ್ರಕಾರ ರಾಜ್ಯ ಬಾರ್ ಕೌನ್ಸಿಲ್‌ಗಳು ಅಶಕ್ತ ವಕೀಲರಿಗಾಗಿ ನಿಧಿ ಮಾಡಿ ಕಲ್ಯಾಣ ಯೋಜನೆ ನಡೆಸಬಹುದು. ಸೆಕ್ಷನ್ 49ರಲ್ಲಿ ವೃತ್ತಿ ನಡತೆಯ ನಿಯಮ ಮಾಡೋ ಅಧಿಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಇದೆ. ಬೇಕಿರೋದು ಒಂದು ಪ್ಯಾರಾ: ಸಹಾಯ ಕೇಂದ್ರದಲ್ಲಿ ಹೇಳಿದ್ದನ್ನ ಶಿಸ್ತು ಸಮಿತಿ ಕೇಳುವಂತಿಲ್ಲ, ಅಲ್ಲಿನ ಕಾಗದ ತರಿಸುವಂತಿಲ್ಲ, ಅಲ್ಲಿ ಕೂತವರನ್ನ ಸಾಕ್ಷಿ ಕಟ್ಟೆಗೆ ಹತ್ತಿಸುವಂತಿಲ್ಲ. ಇಂಥ ಪ್ಯಾರಾ ಬರೆಯೋಕೆ ನಮ್ಮವರಿಗೆ ಬರಲ್ಲ ಅಂತ ಅಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯ 22 ಮತ್ತು 23ನೇ ಸೆಕ್ಷನ್‌ಗಳನ್ನ ಓದಿ. ರಾಜಿ ಮಾತುಕತೆಯಲ್ಲಿ ಆಡಿದ್ದನ್ನ ಕೋರ್ಟಿನಲ್ಲಿ ಎತ್ತುವಂತಿಲ್ಲ ಅಂತ ಸಂಸತ್ತೇ ಬರೆದಿದೆ. ಗಂಡ ಹೆಂಡತಿ ಜಗಳಕ್ಕೆ, ವ್ಯಾಪಾರದ ಜಗಳಕ್ಕೆ ಕೊಟ್ಟ ಪರದೆಯನ್ನ ಆ ಜಗಳ ಬಿಡಿಸೋ ವಕೀಲರಿಗೂ ಕೊಡಬಹುದಲ್ಲ?

ನಿಯಮ ಬಂದ ಮೇಲೂ ಗುಟ್ಟು ಉಳಿಯೋದು ಸಣ್ಣ ಸಣ್ಣ ವಿಷಯದಲ್ಲಿ. ಕೇಂದ್ರ ಕೋರ್ಟಿನ ಆವರಣದಲ್ಲಿ ಇರಬಾರದು. ಬಾರ್ ಕೌನ್ಸಿಲ್ ಕಟ್ಟಡದಲ್ಲೂ ಬೇಡ. ಮಂಡ್ಯದ ವಕೀಲರಿಗೆ ಬಳ್ಳಾರಿಯವರೋ ಚಿಕ್ಕಮಗಳೂರಿನವರೋ ಕಿವಿಯಾಗಲಿ, ಒಂದೇ ಬೆಂಚಿನ ಮುಂದೆ ನಿಲ್ಲೋರು ಬೇಡ. ರಿಜಿಸ್ಟರಿನಲ್ಲಿ ಹೆಸರಿನ ಬದಲು ನಂಬರ್ ಇರಲಿ. ಇನ್ನು ಬಿಲ್ಲು. ಇದನ್ನ ಯಾರೂ ಯೋಚನೆ ಮಾಡಲ್ಲ. ವೈದ್ಯಕೀಯ ನೆರವು ಕೇಳಿದರೆ ಬಿಲ್ಲು ಲಗತ್ತಿಸಬೇಕು, ಬಿಲ್ಲಿನ ತಲೆಯ ಮೇಲೆ ಆಸ್ಪತ್ರೆಯ ಹೆಸರಿರುತ್ತೆ, ವಾರ್ಡಿನ ಹೆಸರಿರುತ್ತೆ. ಅರ್ಜಿ ಮೂರು ಟೇಬಲ್ ದಾಟುವಷ್ಟರಲ್ಲಿ ವೈದ್ಯರು ಕಾಪಾಡಿದ ಗುಟ್ಟನ್ನ ಗುಮಾಸ್ತರು ಓದಿರ್ತಾರೆ. ಹಣವನ್ನ ಕೇಂದ್ರವೇ ನೇರವಾಗಿ ಆಸ್ಪತ್ರೆಗೆ ಕಟ್ಟೋ ಹಾಗೆ ಮಾಡಿದರೆ ಆ ಅರ್ಜಿಯೇ ಇರಲ್ಲ.

ನಮ್ಮ ಮಾಧ್ಯಮದವರಿಗೂ ಒಂದು ಮಾತು. ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 24 ನೇರವಾಗಿ ನಮ್ಮ ಕ್ಯಾಮೆರಾಗಳನ್ನ ಕುರಿತದ್ದು. ಚಿಕಿತ್ಸೆ ಪಡೀತಿರೋ ವ್ಯಕ್ತಿಯ ಫೋಟೋ ಆಗಲಿ, ಬೇರೆ ಮಾಹಿತಿ ಆಗಲಿ, ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಆಸ್ಪತ್ರೆಯ ಗೇಟಿನ ಹತ್ತಿರ “ನಮ್ಮ ಮೂಲಗಳ ಪ್ರಕಾರ” ಅಂತ ಮೈಕ್ ಹಿಡಿಯೋ ಮುಂಚೆ, ಆ ಮೂಲ ಕಾನೂನು ಮುರಿದೇ ನಮಗೆ ಹೇಳಿದೆ ಅನ್ನೋದು ನೆನಪಿರಲಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿಗೆ ಇರೋದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು. ಆ ಕೇಸಿನ ಅರ್ಜಿದಾರರು ಅವರೇ.

ಬಾರ್ ಕೌನ್ಸಿಲ್ ಆ ಪ್ಯಾರಾ ಬರೆಯೋ ತನಕ ಕಾಯೋಕಾಗದವರು ಈ ಕಾರ್ಯಕ್ರಮ ನೋಡ್ತಿರಬಹುದು. ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರ್ 14416. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಗಳವಾರದ ಸಾಲಿಲ್ಲ. ನಾನು ವಕೀಲ ಅಂತ ಶುರು ಮಾಡಬೇಕಾಗಿಯೂ ಇಲ್ಲ, ನಿದ್ದೆ ಬರ್ತಿಲ್ಲ ಅಂತ ಶುರು ಮಾಡಿದರೂ ಸಾಕು.